ಒಂದು ಸಾಲು ಕೋಡ್ ರಿಲೇ ತನಕ ಹೋಗೋದು ಹೇಗೆ?

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿದ್ದೇನೆ. ಊರು ತೀರ್ಥಹಳ್ಳಿ ಹತ್ತಿರ. ಪೈಥಾನ್ ಸುಮಾರಾಗಿ ಬರುತ್ತದೆ. ಈ ಸಲ ಅಸೆಂಬ್ಲಿ (ಚಿಪ್‌ನ ಇನ್‌ಸ್ಟ್ರಕ್ಷನ್‌ಗಳನ್ನು ಒಂದೊಂದಾಗಿ ಬರೆಯುವ ಭಾಷೆ) ಶುರುವಾಗಿದೆ. ಲೋ ಲೆವೆಲ್ ಭಾಷೆ ಹಾರ್ಡ್‌ವೇರ್ ಜೊತೆ ನೇರವಾಗಿ ಕೆಲಸ ಮಾಡುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಹೇಗೆ ಅಂತ ಯಾರೂ ಹೇಳುವುದಿಲ್ಲ. ಒಂದು ಸಾಲು ಬರೆದರೆ ತಂತಿಯಲ್ಲಿ ವೋಲ್ಟೇಜ್ ಬದಲಾಗೋದು ಹೇಗೆ? ಸಿ ಭಾಷೆ ಲೋ ಲೆವೆಲ್ಲಾ, ಹೈ ಲೆವೆಲ್ಲಾ? 8085, 8051 ಥರದ ಹಳೆಯ ಚಿಪ್‌ಗಳನ್ನೆಲ್ಲ ಈಗಲೂ ಕಲಿಯಬೇಕಾ? ಇನ್ನೊಂದು ವಿಷಯ. ಮನೆಯ ಅಡಿಕೆ ತೋಟದ ಪಂಪ್‌ಗೆ ಆರ್ಡುಯಿನೊ ಉನೊ, ಜಿಎಸ್‌ಎಂ ಮಾಡ್ಯೂಲ್, ರಿಲೇ (ಸಣ್ಣ ಕರೆಂಟ್‌ನಿಂದ ಆಡುವ ಸ್ವಿಚ್) ಹಾಕಿದ್ದೇನೆ. ಜಿಎಸ್‌ಎಂ ಇರೋದು ಎಸ್‌ಎಂಎಸ್‌ಗೆ. ಕರೆಂಟ್ ಹೋಗಿ ಬಂದಾಗಲೆಲ್ಲ ರಿಲೇ ತಾನಾಗಿಯೇ ಆನ್ ಆಗಿ, ಮೂರು ಸೆಕೆಂಡ್ ಬಿಟ್ಟು ಆಫ್ ಆಗುತ್ತದೆ. ಕೋಡ್‌ನಲ್ಲಿ ಮೊದಲು ಪಿನ್ 8 ಔಟ್‌ಪುಟ್ ಅಂತ ಇದೆ, ಆಮೇಲೆ ಜಿಎಸ್‌ಎಂ ಏಳಲಿ ಅಂತ ಮೂರು ಸೆಕೆಂಡ್ ಡಿಲೇ, ಆಮೇಲೆ ಪಿನ್ 8 ಹೈ. ಆನ್ ಮಾಡು ಅಂತ ಎಲ್ಲೂ ಬರೆದೇ ಇಲ್ಲ!

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ, ಉಳಿದ ಪ್ರಶ್ನೆಗಳೆಲ್ಲ ಅದರ ಹಿಂದೆಯೇ ಬರುತ್ತವೆ. ಮೊದಲು ಒಂದು ಕೆಲಸ ಮಾಡಿ. ಇದು ಸರಿಯಾಗುವ ತನಕ ರಿಲೇಯಿಂದ ಸ್ಟಾರ್ಟರ್‌ಗೆ ಹೋಗುವ ವೈರ್ ಬಿಚ್ಚಿಡಿ, ಅದೂ ಮೇನ್ ಆಫ್ ಮಾಡಿ, ಗೊತ್ತಿರುವವರನ್ನು ಜೊತೆಗೆ ಇಟ್ಟುಕೊಂಡು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೇಗೆ ಹೋಗಿ ಬರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಪ್ರತಿ ಸಲವೂ ಮೋಟರ್ ಮೂರು ಸೆಕೆಂಡ್ ತಿರುಗಿ ನಿಂತರೆ ವೈಂಡಿಂಗ್‌ಗೆ ಒಳ್ಳೆಯದಲ್ಲ. ಆ ಹೊತ್ತಿಗೆ ಸರಿಯಾಗಿ ಯಾರಾದರೂ ಸ್ಟಾರ್ಟರ್ ಬಾಕ್ಸ್ ತೆಗೆದು ಕೈ ಹಾಕಿದ್ದರೆ ಕಥೆಯೇ ಬೇರೆ.

ಆನ್ ಮಾಡು ಅಂತ ಎಲ್ಲೂ ಬರೆದಿಲ್ಲ ಅಂದಿರಿ. ಬರೆದಿದ್ದೀರಿ. ಪಿನ್ 8 ಔಟ್‌ಪುಟ್ ಅಂದಿರಲ್ಲ, ಆನ್ ಮಾಡಿದ್ದು ಅದೇ ಸಾಲು.

ಸಾಮಾನ್ಯವಾಗಿ ಸಿಗುವ ಉನೊ ಬೋರ್ಡ್ ಮೇಲಿರುವ ಚಿಪ್ ಎಟಿಮೆಗಾ328ಪಿ. ಬೋರ್ಡ್‌ನಲ್ಲಿ 8 ಅಂತ ಅಚ್ಚಾಗಿರುವ ಪಿನ್, ಚಿಪ್‌ನ ಲೆಕ್ಕದಲ್ಲಿ ಪೋರ್ಟ್ ಬಿ ಅನ್ನುವ ಪಿನ್ ಗುಂಪಿನ 0ನೇ ಬಿಟ್. ಈ ಒಂದು ಪಿನ್ ಅನ್ನು ಆಡಿಸೋಕೆ ಚಿಪ್ ಒಳಗೆ ಎರಡು ಫ್ಲಿಪ್-ಫ್ಲಾಪ್ (ಒಂದೊಂದು ಬಿಟ್ ನೆನಪಿಡುವ ಸರ್ಕ್ಯೂಟ್) ಇವೆ. ಒಂದು ಡಿಡಿಆರ್‌ಬಿ ಅನ್ನುವ ರಿಜಿಸ್ಟರ್‌ನಲ್ಲಿದೆ, ರಿಜಿಸ್ಟರ್ ಅಂದರೆ ಇಂಥ ಬಿಟ್‌ಗಳ ಒಂದು ಗುಂಪು. ಅದರಲ್ಲಿ 1 ಇದ್ದರೆ ಪಿನ್ ಹೊರಗಿನ ತಂತಿಯನ್ನು ತಾನೇ ಎಳೆಯುತ್ತದೆ, 0 ಇದ್ದರೆ ಸುಮ್ನೆ ಹೊರಗೇನಿದೆ ಅಂತ ನೋಡುತ್ತದೆ ಅಷ್ಟೇ. ಇನ್ನೊಂದು ಪೋರ್ಟ್‌ಬಿ ಅನ್ನುವ ರಿಜಿಸ್ಟರ್‌ನಲ್ಲಿದೆ. ಎಳೆಯುವುದಾದರೆ 5 ವೋಲ್ಟ್ ಕಡೆಗಾ, ಸೊನ್ನೆ ಕಡೆಗಾ ಅನ್ನೋದು ಅದರ ಪಾಲಿನ ಕೆಲಸ. ಕರೆಂಟ್ ಬಂದು ಚಿಪ್ ರೀಸೆಟ್ ಆದಾಗ ಎರಡೂ 0. ಅಂದರೆ ಪಿನ್ ಯಾವ ಕಡೆಗೂ ಎಳೆಯದೆ ತೇಲುತ್ತಿರುತ್ತದೆ.

ಆಮೇಲೆ ನಿಮ್ಮ ಮೊದಲ ಸಾಲು ಬಂತು. ಅದು ಡಿಡಿಆರ್‌ಬಿಯ ಬಿಟ್ ಅನ್ನು 1 ಮಾಡಿತು, ಪೋರ್ಟ್‌ಬಿಯನ್ನು ಮುಟ್ಟಲೇ ಇಲ್ಲ. ಅಲ್ಲಿ ರೀಸೆಟ್‌ನ 0 ಹಾಗೇ ಕೂತಿತ್ತು. ಪಿನ್ ಈಗ ಎಳೆಯೋಕೆ ಶುರು ಮಾಡಿತು, ಸೊನ್ನೆ ಕಡೆಗೆ. ಮಾರ್ಕೆಟ್‌ನಲ್ಲಿ ಸಿಗುವ ನೀಲಿ ರಿಲೇ ಮಾಡ್ಯೂಲ್‌ಗಳಲ್ಲಿ ಹೆಚ್ಚಿನವು ಆಕ್ಟಿವ್ ಲೋ, ಸೊನ್ನೆ ಕೊಟ್ಟರೆ ಆನ್ ಆಗುವಂಥವು. ನೀವು ಆಫ್ ಮಾಡಲು ಹೈ ಕೊಡುತ್ತಿದ್ದೀರಿ ಅಂದಮೇಲೆ ನಿಮ್ಮದೂ ಅದೇ ಜಾತಿ. ಟಕ್ ಅಂತ ಆನ್ ಆಯಿತು. ಮೂರು ಸೆಕೆಂಡ್ ಡಿಲೇ ಮುಗಿದ ಮೇಲೆ ಹೈ ಅನ್ನುವ ಸಾಲು ಪೋರ್ಟ್‌ಬಿಗೆ 1 ಬರೆಯಿತು, ಆಫ್ ಆಯಿತು.

ಮಧ್ಯೆ ಆ ಡಿಲೇ ಇಲ್ಲದೇ ಹೋಗಿದ್ದರೆ ನಿಮಗೆ ಈ ತೊಂದರೆ ಗೊತ್ತೇ ಆಗುತ್ತಿರಲಿಲ್ಲ. ಎರಡು ಸಾಲಿನ ನಡುವೆ ಆಗ ಇರುತ್ತಿದ್ದದ್ದು ಕೆಲವು ಮೈಕ್ರೋಸೆಕೆಂಡ್. ರಿಲೇಯ ಒಳಗಿನ ಕಬ್ಬಿಣದ ಪಟ್ಟಿ ಎಳೆದುಕೊಳ್ಳೋಕೆ ಕೆಲವು ಮಿಲಿಸೆಕೆಂಡ್ ಬೇಕು, ಸಾವಿರ ಪಟ್ಟು ಜಾಸ್ತಿ. ತಪ್ಪು ಹಾಗೇ ಇರುತ್ತಿತ್ತು, ಕಾಣುತ್ತಿರಲಿಲ್ಲ. ನಾಳೆ ಯಾವತ್ತೋ ರಿಲೇ ತೆಗೆದು ಅದರ ಜಾಗಕ್ಕೆ ಮಾಸ್‌ಫೆಟ್ (ಬಹಳ ಬೇಗ ಆನ್ ಆಗುವ ಟ್ರಾನ್ಸಿಸ್ಟರ್ ಸ್ವಿಚ್) ಹಾಕಿದಾಗ ಕಾಣುತ್ತಿತ್ತು.

ಪರಿಹಾರ ಸುಲಭ. ಸಾಲುಗಳನ್ನು ಅದಲು ಬದಲು ಮಾಡಿ. ಮೊದಲು ಪಿನ್ 8 ಹೈ, ಅದರ ಬೆನ್ನಿಗೇ ಪಿನ್ 8 ಔಟ್‌ಪುಟ್, ಡಿಲೇ ಎಲ್ಲ ಆಮೇಲೆ. ಔಟ್‌ಪುಟ್ ಅನ್ನುವ ಮೊದಲೇ ಹೈ ಬರೆಯೋದು ನೋಡೋಕೆ ವಿಚಿತ್ರ ಅನ್ನಿಸುತ್ತದೆ, ಆದರೆ ಚಿಪ್‌ಗೆ ಅದರಲ್ಲಿ ವಿಚಿತ್ರ ಏನಿಲ್ಲ. ಪೋರ್ಟ್‌ಬಿಯಲ್ಲಿ 1 ಬಂದು ಕೂತುಕೊಳ್ಳುತ್ತದೆ. ಡಿಡಿಆರ್‌ಬಿ ಇನ್ನೂ 0 ಇರುವಾಗ ಆ 1 ಇನ್ನೊಂದು ಕೆಲಸ ಮಾಡುತ್ತದೆ, 20ರಿಂದ 50 ಕಿಲೋ ಓಮ್‌ನ ಒಂದು ಪುಲ್-ಅಪ್ ರೆಸಿಸ್ಟರ್ ಅನ್ನು ಒಳಗೆ ಸೇರಿಸುತ್ತದೆ. ಹಾಗಾಗಿ ಪಿನ್ ಮೆಲ್ಲಗೆ 5 ವೋಲ್ಟ್ ಕಡೆಗೇ ವಾಲುತ್ತದೆ. ಆಮೇಲೆ ಔಟ್‌ಪುಟ್ ಆದಾಗ ಗಟ್ಟಿಯಾಗಿ ಅದೇ ಕಡೆಗೆ ಎಳೆಯುತ್ತದೆ. ಮಧ್ಯೆ ಸೊನ್ನೆಗೆ ಇಳಿಯೋದೇ ಇಲ್ಲ. ಬೂಟ್‌ಲೋಡರ್ (ಚಿಪ್ ಎದ್ದಾಗ ಮೊದಲು ಓಡುವ ಸಣ್ಣ ಪ್ರೋಗ್ರಾಂ) ಓಡುವ ಆ ಮೊದಲ ಸ್ವಲ್ಪ ಹೊತ್ತಿಗೆ ನಿಮ್ಮ ಕೋಡ್ ಇನ್ನೂ ಶುರುವಾಗಿರುವುದಿಲ್ಲ, ಪಿನ್ ತೇಲುತ್ತಲೇ ಇರುತ್ತದೆ. ಅದಕ್ಕೆ ಹೊರಗಿನಿಂದ ಪಿನ್‌ಗೂ 5 ವೋಲ್ಟ್‌ಗೂ ನಡುವೆ ಒಂದು 10 ಕಿಲೋ ಓಮ್ ರೆಸಿಸ್ಟರ್ ಹಾಕಿಬಿಡಿ. ಅದನ್ನು ಯಾವ ಭಾಷೆಯಲ್ಲೂ ಬರೆಯೋಕೆ ಆಗುವುದಿಲ್ಲ, ಬೆಸುಗೆ ಹಾಕಬೇಕು.

ಈಗ ನಿಮ್ಮ ದೊಡ್ಡ ಪ್ರಶ್ನೆ. ಸಾಲು ಬರೆದರೆ ವೋಲ್ಟೇಜ್ ಹೇಗೆ ಬದಲಾಗುತ್ತದೆ?

ಅಸೆಂಬ್ಲಿಯಲ್ಲಿ ಪಿನ್ 8 ಹೈ ಮಾಡೋಕೆ ಒಂದೇ ಇನ್‌ಸ್ಟ್ರಕ್ಷನ್ ಸಾಕು: ಎಸ್‌ಬಿಐ ಪೋರ್ಟ್‌ಬಿ, 0. ಬ್ಯಾಂಕ್ ಅಲ್ಲ, ಬಿಟ್ ಅನ್ನು 1 ಮಾಡುವ ಇನ್‌ಸ್ಟ್ರಕ್ಷನ್. ಅಸೆಂಬ್ಲರ್ ಇದನ್ನು 16 ಬಿಟ್ ಮಾಡುತ್ತದೆ: 1001 1010 0010 1000. ಇದನ್ನು ಸ್ವಲ್ಪ ಬೇರೆ ಥರ ಬಿಡಿಸಿ ನೋಡಿ. ಮೊದಲ ಎಂಟು ಬಿಟ್ 10011010, ಯಾವುದೋ ಒಂದು ಐ/ಓ ರಿಜಿಸ್ಟರ್‌ನ ಯಾವುದೋ ಒಂದು ಬಿಟ್ ಅನ್ನು 1 ಮಾಡೋದು ಅಂತ. ನಂತರದ ಐದು 00101, ಅಂದರೆ 5, ಪೋರ್ಟ್‌ಬಿಯ ವಿಳಾಸ. ಕೊನೆಯ ಮೂರು 000, ಅಂದರೆ 0ನೇ ಬಿಟ್. ನೀವು 13ನೇ ಪಿನ್‌ನ ಎಲ್‌ಇಡಿ ಹೊತ್ತಿಸುವುದಾದರೆ ಅದು ಪೋರ್ಟ್ ಬಿಯ 5ನೇ ಬಿಟ್, ಹಾಗಾಗಿ ಕೊನೆಯ ಮೂರು 101 ಆಗುತ್ತವೆ, ಮಿಕ್ಕಿದ್ದೆಲ್ಲ ಹಾಗೇ. ಕೈಯಲ್ಲೇ ಬರೆಯಬಹುದು. ಅಸೆಂಬ್ಲರ್ ಮಾಡುವ ಕೆಲಸ ಹೆಚ್ಚುಕಮ್ಮಿ ಇಷ್ಟೇ, ಹೆಸರು ಕೊಟ್ಟರೆ ಬಿಟ್ ಜೋಡಿಸಿ ಕೊಡೋದು.

ಆ 16 ಬಿಟ್ ಚಿಪ್‌ನ ಫ್ಲಾಶ್ ಮೆಮೊರಿಯಲ್ಲಿ ಕೂತಿರುತ್ತದೆ. ಫ್ಲಾಶ್ ಅಂದರೆ ಎಲೆಕ್ಟ್ರಾನ್‌ಗಳನ್ನು ಒಳಗೆ ಹಿಡಿದಿಟ್ಟುಕೊಳ್ಳಬಲ್ಲ ಟ್ರಾನ್ಸಿಸ್ಟರ್‌ಗಳ ಸಾಲು, ಕರೆಂಟ್ ಹೋದರೂ ಹೋಗದು. ಮುಂದಿನ ಇನ್‌ಸ್ಟ್ರಕ್ಷನ್ ಎಲ್ಲಿದೆ ಅಂತ ಹೇಳುವ ಪ್ರೋಗ್ರಾಂ ಕೌಂಟರ್ ಆ ಜಾಗವನ್ನು ತೋರಿಸಿದಾಗ 16 ತಂತಿಗಳ ಮೇಲೆ 16 ವೋಲ್ಟೇಜ್‌ಗಳು ಬರುತ್ತವೆ, ಇನ್‌ಸ್ಟ್ರಕ್ಷನ್ ರಿಜಿಸ್ಟರ್‌ನಲ್ಲಿ ನಿಲ್ಲುತ್ತವೆ. ಅಲ್ಲಿಂದ ಮುಂದೆ ಡಿಕೋಡರ್. ಹೆಸರು ಕೇಳಿದರೆ ಒಳಗೆ ಯಾರೋ ಕೂತು ಓದಿ ಅರ್ಥ ಮಾಡಿಕೊಳ್ಳುತ್ತಾರೆ ಅನ್ನಿಸುತ್ತದೆ, ಅಲ್ವಾ? ಅಲ್ಲಿರೋದು ಆ್ಯಂಡ್, ಆರ್, ನಾಟ್ ಗೇಟ್‌ಗಳು ಮಾತ್ರ. ಆ 16 ತಂತಿಗಳ ವೋಲ್ಟೇಜೇ ಗೇಟ್‌ಗಳ ಒಳಗೆ ಹರಿದು, ಯಾವ ದಾರಿ ತೆರೆದುಕೊಳ್ಳಬೇಕು, ಯಾವುದು ಮುಚ್ಚಬೇಕು ಅನ್ನೋದನ್ನು ಮಾಡುತ್ತದೆ. ಗಾಜನೂರು ಅಣೆಕಟ್ಟಿನಲ್ಲಿ ತುಂಗೆಯ ನೀರು ಎಡದಂಡೆ ನಾಲೆಗೆ ಹೋಗುತ್ತಾ ಬಲದಂಡೆಗಾ ಅನ್ನೋದು ಯಾವ ಗೇಟ್ ಎತ್ತಿದ್ದಾರೆ ಅನ್ನೋದರ ಮೇಲಿದೆ, ನೀರಿಗೆ ನಾಲೆಯ ಹೆಸರು ಗೊತ್ತಿರಬೇಕಾಗಿಲ್ಲ. ಇಲ್ಲಿ ವ್ಯತ್ಯಾಸ ಇಷ್ಟೇ, ಗೇಟ್ ಎತ್ತುವುದೂ ನೀರೇ.

ಹಾಗೆ ತೆರೆದ ದಾರಿಯಲ್ಲಿ ಪೋರ್ಟ್‌ಬಿಯ 0ನೇ ಫ್ಲಿಪ್-ಫ್ಲಾಪ್‌ಗೆ 1 ತಲುಪುತ್ತದೆ. ಅದರ ಔಟ್‌ಪುಟ್ ಪಿನ್‌ನ ಹಿಂದಿರುವ ಜೋಡಿ ಟ್ರಾನ್ಸಿಸ್ಟರ್‌ಗಳಿಗೆ ಹೋಗುತ್ತದೆ. ಸೊನ್ನೆ ಕಡೆಗೆ ಎಳೆಯುತ್ತಿದ್ದದ್ದು ಮುಚ್ಚುತ್ತದೆ, 5 ವೋಲ್ಟ್ ಕಡೆಯದು ತೆರೆಯುತ್ತದೆ. ತಂತಿಯಲ್ಲಿ ವೋಲ್ಟೇಜ್ ಏರುತ್ತದೆ. ಉನೊದ ಕ್ಲಾಕ್ 16 ಮೆಗಾಹರ್ಟ್ಸ್, ಒಂದು ಸೈಕಲ್ ಅಂದರೆ 62.5 ನ್ಯಾನೋಸೆಕೆಂಡ್, ಎಸ್‌ಬಿಐಗೆ ಎರಡು ಸೈಕಲ್ ಬೇಕು. 125 ನ್ಯಾನೋಸೆಕೆಂಡ್‌ನಲ್ಲಿ ಕೆಲಸ ಮುಗಿಯಿತು.

ನನ್ನ ಲೆಕ್ಕದಲ್ಲಿ ಲೋ ಲೆವೆಲ್ ಅನ್ನೋದಕ್ಕೆ ಅಳತೆಗೋಲು ಇದೇ. ಬರೆದ ಸಾಲಿನ ಮೇಲೆ ಬೆರಳಿಟ್ಟು, ಇದು ಚಿಪ್‌ನ ಯಾವ ಭಾಗವನ್ನು ಮುಟ್ಟುತ್ತದೆ, ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಅಂತ ಎರಡೂ ಹೇಳೋಕೆ ಬಂದರೆ ಅದು ಲೋ ಲೆವೆಲ್. ಭಾಷೆಯ ಹೆಸರಿನ ಮೇಲೆ ಇದು ನಿಂತಿಲ್ಲ, ಭಾಷೆ ಮತ್ತು ಚಿಪ್ ಎರಡೂ ಸೇರಿದಾಗ ಮಾತ್ರ ಹೇಳೋಕೆ ಆಗೋದು. ನೀವು ಬಳಸುತ್ತಿರುವ ಆರ್ಡುಯಿನೊದ ಡಿಜಿಟಲ್‌ರೈಟ್ ಇದೆಯಲ್ಲ, ಅದೂ ಕೊನೆಗೆ ಇದೇ ಫ್ಲಿಪ್-ಫ್ಲಾಪ್ ಅನ್ನೇ ತಿರುಗಿಸೋದು. ಆದರೆ ಅದಕ್ಕೆ ಮೊದಲು ಪಿನ್ 8 ಅಂದರೆ ಯಾವ ಪೋರ್ಟ್ ಅಂತ ಟೇಬಲ್‌ನಲ್ಲಿ ಹುಡುಕುತ್ತದೆ, ಆ ಪಿನ್‌ನಲ್ಲಿ ಪಿಡಬ್ಲ್ಯುಎಂ (ಪಿನ್ ಅನ್ನು ಬೇಗ ಬೇಗ ಆನ್ ಆಫ್ ಮಾಡೋದು) ಓಡುತ್ತಿದೆಯಾ ನೋಡುತ್ತದೆ, ಇಂಟರಪ್ಟ್ (ಓಡುತ್ತಿರುವ ಕೋಡ್ ತಡೆದು ಮಧ್ಯೆ ಬರುವ ತುರ್ತು ಕರೆ) ನಿಲ್ಲಿಸುತ್ತದೆ, ಬರೆಯುತ್ತದೆ, ಇಂಟರಪ್ಟ್ ಮೊದಲಿದ್ದ ಹಾಗೆ ಮಾಡುತ್ತದೆ. ಎರಡು ಸೈಕಲ್ ಕೆಲಸಕ್ಕೆ ಹತ್ತಾರು ಸೈಕಲ್. ಪಂಪ್‌ಗೆ ಇದರಿಂದ ಏನೂ ಆಗಬೇಕಾಗಿಲ್ಲ, ಅದನ್ನೇ ಬಳಸಿ. ಏನನ್ನು ಮುಚ್ಚಿಟ್ಟಿದೆ ಅನ್ನೋದು ಮಾತ್ರ ಗೊತ್ತಿರಲಿ.

ಸಿ ಭಾಷೆಯ ವಿಷಯಕ್ಕೆ ಬಂದರೆ, ಲೋ ಲೆವೆಲ್ ಅಂತಲೂ ಹೇಳೋಕಾಗಲ್ಲ, ಅಲ್ಲ ಅಂತಲೂ ಹೇಳೋಕಾಗಲ್ಲ. ಉದಾಹರಣೆ ನೋಡಿ. ಪೋರ್ಟ್‌ಬಿಯಲ್ಲಿ ಏನಿದೆಯೋ ಅದಕ್ಕೆ 1 ಅನ್ನು ಆರ್ ಮಾಡಿ ವಾಪಸ್ ಹಾಕು ಅಂತ ಸಿಯಲ್ಲಿ ಒಂದು ಸಾಲು ಬರೆಯುತ್ತೀರಿ. ಉನೊಗೆ ಕಂಪೈಲ್ ಮಾಡಿದರೆ (ಚಿಪ್‌ನ ಇನ್‌ಸ್ಟ್ರಕ್ಷನ್‌ಗಳಾಗಿ ಬದಲಾಯಿಸಿದರೆ), ಕೋಡ್ ಚುರುಕು ಮಾಡುವ ಆಪ್ಟಿಮೈಸೇಷನ್ ಆನ್ ಇದ್ದರೆ, ಅದು ಮೇಲೆ ನೋಡಿದ ಒಂದೇ ಎಸ್‌ಬಿಐ ಆಗುತ್ತದೆ. ಇದೇ ಥರದ ಸಾಲನ್ನು ಆರ್ಡುಯಿನೊ ಮೆಗಾ ಬೋರ್ಡ್‌ನ ಪೋರ್ಟ್ ಎಲ್‌ಗೆ ಬರೆಯಿರಿ. ಎಸ್‌ಬಿಐಯಲ್ಲಿ ವಿಳಾಸಕ್ಕೆ ಇರೋದು ಐದೇ ಬಿಟ್, 0ರಿಂದ 31ರ ತನಕ ಮಾತ್ರ ಮುಟ್ಟಬಹುದು. ಪೋರ್ಟ್ ಎಲ್ ಅದಕ್ಕಿಂತ ಬಹಳ ಆಚೆ ಇದೆ. ಹಾಗಾಗಿ ಕಂಪೈಲರ್ ಮೂರು ಇನ್‌ಸ್ಟ್ರಕ್ಷನ್ ಹಾಕುತ್ತದೆ: ಓದು, ಆರ್ ಮಾಡು, ಬರೆ. ಓದಿ ಆಗಿ ಬರೆಯುವ ಮೊದಲು ಇಂಟರಪ್ಟ್ ಬಂದು, ಅದೇ ಪೋರ್ಟ್‌ನ ಬೇರೆ ಬಿಟ್ ಅನ್ನು ಬದಲಾಯಿಸಿತು ಅಂತಿಟ್ಟುಕೊಳ್ಳಿ. ವಾಪಸ್ ಬಂದ ಮೇಲೆ ನಿಮ್ಮ ಕೋಡ್ ಹಳೆಯ ಬೆಲೆಯನ್ನೇ ಬರೆದು ಆ ಬದಲಾವಣೆಯನ್ನು ಅಳಿಸಿಹಾಕುತ್ತದೆ. ಉನೊದಲ್ಲಿ ವರ್ಷಗಟ್ಟಲೆ ಸರಿ ಇದ್ದ ಕೋಡ್ ಮೆಗಾದಲ್ಲಿ ಯಾವಾಗಲೋ ಒಮ್ಮೆ ಎಡವುತ್ತದೆ. ಸಿ ಸಾಲನ್ನು ಎಷ್ಟು ಸಲ ಓದಿದರೂ ಕಾರಣ ಸಿಗಲ್ಲ, ಅದು ಸಾಲಿನಲ್ಲಿ ಇಲ್ಲ. ಇಂಥ ಕಡೆ ಆ ಮೂರು ಇನ್‌ಸ್ಟ್ರಕ್ಷನ್ ನಡೆಯುವಷ್ಟು ಹೊತ್ತು ಇಂಟರಪ್ಟ್ ನಿಲ್ಲಿಸಬೇಕು.

ಕಂಪೈಲರ್‌ಗೆ ಇನ್ನೊಂದು ಗುಣ ಇದೆ. ಅದಕ್ಕೆ ನಿಮ್ಮ ತಂತಿ, ಸೆನ್ಸರ್ ಯಾವುದೂ ಗೊತ್ತಿಲ್ಲ. ಫ್ಲೋ ಸೆನ್ಸರ್‌ನ ಇಂಟರಪ್ಟ್ ಒಂದು ವೇರಿಯಬಲ್ ಅನ್ನು 1 ಮಾಡಲಿ, ಮೇನ್ ಕೋಡ್ ಅದಕ್ಕಾಗಿ ಲೂಪ್‌ನಲ್ಲಿ ಕಾಯಲಿ ಅಂತ ಬರೆಯುತ್ತೀರಿ. ಕಂಪೈಲರ್ ಲೂಪ್ ಒಳಗೆ ನೋಡುತ್ತದೆ, ಅಲ್ಲಿ ಯಾರೂ ಆ ವೇರಿಯಬಲ್ ಅನ್ನು ಬದಲಾಯಿಸುತ್ತಿಲ್ಲ, ಮತ್ತೆ ಮತ್ತೆ ಮೆಮೊರಿಯಿಂದ ಓದೋದು ದಂಡ ಅಂತ ಒಂದೇ ಸಲ ಓದಿ ಕೈ ತೊಳೆದುಕೊಳ್ಳುತ್ತದೆ. ಲೂಪ್ ಮುಗಿಯೋದೇ ಇಲ್ಲ. ವೋಲಟೈಲ್ ಅನ್ನುವ ಪದ ಇರೋದು ಇದಕ್ಕೇ: ಇದು ನಿನಗೆ ಕಾಣದ ಕಡೆಯಿಂದಲೂ ಬದಲಾಗುತ್ತದೆ, ಪ್ರತಿ ಸಲ ಹೋಗಿ ಓದು. ಡಿಲೇಗೆ ಅಂತ ಖಾಲಿ ಲೂಪ್ ಬರೆಯುತ್ತೀರಲ್ಲ ಲ್ಯಾಬ್‌ನಲ್ಲಿ, ಅದನ್ನೂ ಆಪ್ಟಿಮೈಸರ್ ನಾಜೂಕಾಗಿ ಎತ್ತಿ ಬಿಸಾಕುತ್ತದೆ.

ಇನ್ನೊಂದು ವಿಷಯ ನಿಮ್ಮ ಜಿಎಸ್‌ಎಂ ಕೋಡ್‌ಗೆ ನೇರವಾಗಿ ಬೇಕಾಗಿದ್ದು. ಸಿ ಭಾಷೆಯ ಪ್ರಕಾರ ಪಾಯಿಂಟರ್ (ಮೆಮೊರಿಯ ವಿಳಾಸ) ಇದ್ದರೆ ಸಾಕು, ಮೆಮೊರಿ ಎಲ್ಲ ಒಂದೇ. ಉನೊದ ಚಿಪ್ ಹಾಗಿಲ್ಲ. ಕೋಡ್ ಇರುವ 32 ಕಿಲೋಬೈಟ್ ಫ್ಲಾಶ್‌ಗೆ ಒಂದು ಬಸ್ (ತಂತಿಗಳ ಸಾಲು), ಡೇಟಾ ಇರುವ 2 ಕಿಲೋಬೈಟ್ ರ‍್ಯಾಮ್‌ಗೆ ಬೇರೆ ಬಸ್. ಎರಡರಲ್ಲೂ 500ನೇ ವಿಳಾಸ ಇದೆ, ಎರಡೂ ಬೇರೆ ಬೇರೆ ಜಾಗ. ಸಾಮಾನ್ಯ ಪಾಯಿಂಟರ್ ರ‍್ಯಾಮ್ ಅನ್ನು ಮಾತ್ರ ನೋಡುತ್ತದೆ. ಹಾಗಾಗಿ ಎಸ್‌ಎಂಎಸ್ ಕಳಿಸೋಕೆ, ಎಟಿ ಕಮಾಂಡ್‌ಗೆ (ಜಿಎಸ್‌ಎಂ ಮಾಡ್ಯೂಲ್‌ಗೆ ಕೊಡುವ ಆದೇಶ) ನೀವು ಬರೆದ ವಾಕ್ಯಗಳೆಲ್ಲ, ಯಾವತ್ತೂ ಬದಲಾಗದೇ ಇದ್ದರೂ, ಚಿಪ್ ಎದ್ದ ಕೂಡಲೇ ಫ್ಲಾಶ್‌ನಿಂದ ರ‍್ಯಾಮ್‌ಗೆ ಕಾಪಿ ಆಗುತ್ತವೆ. ಪಂಪ್ ಆನ್ ಆಗಿದೆ, ಪಂಪ್ ಆಫ್ ಆಗಿದೆ, ನೀರಿಲ್ಲ, ಒಂದು ಫೇಸ್ ಇಲ್ಲ ಅಂತ ಸಂದೇಶ ಸೇರಿಸುತ್ತಾ ಹೋದ ಹಾಗೆ ಆ 2 ಕಿಲೋಬೈಟ್ ತುಂಬುತ್ತದೆ, ಸ್ಟಾಕ್ (ಫಂಕ್ಷನ್‌ಗಳು ತಾತ್ಕಾಲಿಕವಾಗಿ ಬಳಸುವ ಜಾಗ) ಬಂದು ವೇರಿಯಬಲ್‌ಗಳ ಮೇಲೆ ಕೂರುತ್ತದೆ, ಬೋರ್ಡ್ ಹುಚ್ಚು ಹಿಡಿದ ಹಾಗೆ ಆಡುತ್ತದೆ. ಸ್ಟ್ರಿಂಗ್‌ಗಳನ್ನು ಎಫ್ ಮ್ಯಾಕ್ರೋ ಒಳಗೆ ಹಾಕಿ, ಆಗ ಅವು ಫ್ಲಾಶ್‌ನಲ್ಲೇ ಉಳಿಯುತ್ತವೆ. ಈ ಮ್ಯಾಕ್ರೋ ಯಾಕೆ ಬೇಕಾಯಿತು ಅಂತ ಸಿ ಪುಸ್ತಕದಲ್ಲಿ ಹುಡುಕಿದರೆ ಸಿಗದು.

ಸಿ ಹೀಗಿರೋದಕ್ಕೆ ಅದರ ಹುಟ್ಟೇ ಕಾರಣ. ಬೆಲ್ ಲ್ಯಾಬ್ಸ್‌ನಲ್ಲಿ ಡೆನ್ನಿಸ್ ರಿಚಿ 1972ರ ಸುಮಾರಿಗೆ ಪಿಡಿಪಿ-11 ಅನ್ನುವ ಯಂತ್ರದ ಮೇಲೆ ಇದನ್ನು ಕಟ್ಟಿದರು. ಅದಕ್ಕಿಂತ ಮೊದಲು ಇದ್ದ ಬಿ ಭಾಷೆಯಲ್ಲಿ ಟೈಪ್‌ಗಳೇ ಇರಲಿಲ್ಲ, ಎಲ್ಲವೂ ಒಂದು ವರ್ಡ್. ಪಿಡಿಪಿ-11ರಲ್ಲಿ ಬೈಟ್‌ಗಳನ್ನು ಬೇರೆ ಬೇರೆಯಾಗಿ ಮುಟ್ಟಬಹುದಿತ್ತು, ಕ್ಯಾರೆಕ್ಟರ್‌ಗೆ ಒಂದು ಟೈಪ್, ಇಂಟೀಜರ್‌ಗೆ ಒಂದು ಟೈಪ್ ಬೇಕು ಅಂತ ಆಗಿದ್ದಕ್ಕೆ ಅದೂ ಒಂದು ಕಾರಣ. 1973ರಲ್ಲಿ ಯುನಿಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಅನ್ನೇ ಸಿಯಲ್ಲಿ ಮತ್ತೆ ಬರೆದರು. ಆ ಕಾಲಕ್ಕೆ ಅದು ಹೈ ಲೆವೆಲ್ ಭಾಷೆಯೇ. ಆಪರೇಟಿಂಗ್ ಸಿಸ್ಟಂ ಅಂದರೆ ಅಸೆಂಬ್ಲಿಯಲ್ಲಿ ಬರೆಯೋದು ಅನ್ನೋದೇ ವಾಡಿಕೆಯಾಗಿತ್ತು.

ಹಾರ್ಡ್‌ವೇರ್ ಭಾಷೆಯನ್ನು ರೂಪಿಸಿದ ಹಾಗೆ ಭಾಷೆ ಹಾರ್ಡ್‌ವೇರ್ ಅನ್ನೂ ರೂಪಿಸುತ್ತದೆ. ಇಂಟೆಲ್‌ನ 8051 ಬಂದಿದ್ದು 1980ರಲ್ಲಿ. ಅದರಲ್ಲಿ ಕೂಡಿ ಕಳೆಯೋದೆಲ್ಲ ಎ ಅನ್ನುವ ಒಂದೇ ರಿಜಿಸ್ಟರ್, ಅಕ್ಯುಮುಲೇಟರ್, ಮೂಲಕ ಆಗಬೇಕು. ಕೈಯಲ್ಲಿ ಅಸೆಂಬ್ಲಿ ಬರೆಯುವವರಿಗೆ ಅದು ತೊಂದರೆ ಇಲ್ಲ. ಕಂಪೈಲರ್‌ಗೆ ಮಾತ್ರ ಗೋಳು, ಎಲ್ಲವನ್ನೂ ಎ ಒಳಗೆ ತಂದು, ಲೆಕ್ಕ ಮಾಡಿ, ಮತ್ತೆ ಹೊರಗೆ ಹಾಕಬೇಕು. ನಿಮ್ಮ ಉನೊದಲ್ಲಿರುವ ಎವಿಆರ್ ವಿನ್ಯಾಸ 1990ರ ದಶಕದ್ದು, ನಾರ್ವೆಯಲ್ಲಿ ಹುಟ್ಟಿದ್ದು. ಅದನ್ನು ಮಾಡುವಾಗ ಐಎಆರ್ ಕಂಪನಿಯ ಸಿ ಕಂಪೈಲರ್ ಬರೆಯುವವರನ್ನು ಮೊದಲೇ ಕೂರಿಸಿಕೊಂಡು, ಅವರು ಹೇಳಿದ ಹಾಗೆ ಇನ್‌ಸ್ಟ್ರಕ್ಷನ್‌ಗಳನ್ನು ತಿದ್ದಿದರು. ಲೆಕ್ಕದ ಘಟಕಕ್ಕೆ ನೇರವಾಗಿ ಜೋಡಿಸಿದ 32 ರಿಜಿಸ್ಟರ್ ಇಟ್ಟರು. ಒಂದೇ ಸಿ ಪ್ರೋಗ್ರಾಂ ಎರಡಕ್ಕೂ ಕಂಪೈಲ್ ಮಾಡಿ ಅಸೆಂಬ್ಲಿಯನ್ನು ಪಕ್ಕ ಪಕ್ಕ ಇಟ್ಟರೆ ಈ ಇತಿಹಾಸ ಕಣ್ಣಿಗೇ ಕಾಣುತ್ತದೆ.

ಪೈಥಾನ್ ಬರುತ್ತೆ ಅಂದಿರಿ, ಅದರ ಬಗ್ಗೆಯೂ ಒಂದು ಮಾತು. ಅಡಿಕೆ ಒಣಗಿಸುವ ಕಡೆ ತೇವ ಅಳೆಯೋಕೆ ಡಿಎಚ್‌ಟಿ22 ಸೆನ್ಸರ್ ಹಾಕುತ್ತೀರಿ ಅಂದುಕೊಳ್ಳಿ. ಅಗ್ಗದ ಡಿಎಚ್‌ಟಿ11 ಬೇಡ, ಅದರ ಅಳತೆ 90 ಪರ್ಸೆಂಟ್‌ಗೇ ನಿಲ್ಲುತ್ತದೆ, ನಮ್ಮ ಮಳೆಗಾಲಕ್ಕೆ ಅದು ಸಾಲದು, ಆಗುಂಬೆ ಕಡೆಯಂತೂ ಕೇಳೋದೇ ಬೇಡ. ಈ ಸೆನ್ಸರ್ ಒಂದೇ ತಂತಿಯಲ್ಲಿ 40 ಬಿಟ್ ಕಳಿಸುತ್ತದೆ. ತಂತಿ ಸುಮಾರು 26ರಿಂದ 28 ಮೈಕ್ರೋಸೆಕೆಂಡ್ ಹೊತ್ತು ಹೈ ಇದ್ದರೆ ಅದು 0, ಸುಮಾರು 70 ಮೈಕ್ರೋಸೆಕೆಂಡ್ ಇದ್ದರೆ 1. ಉನೊದಲ್ಲಿ 70 ಮೈಕ್ರೋಸೆಕೆಂಡ್ ಅಂದರೆ 1120 ಸೈಕಲ್, ಧಾರಾಳವಾಗಿ ಎಣಿಸಬಹುದು. ಲಿನಕ್ಸ್ ಓಡಿಸುವ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈನ ಕ್ಲಾಕ್ ಇದಕ್ಕಿಂತ ಎಷ್ಟೋ ಪಟ್ಟು ಜೋರು, ಆದರೆ ಅಲ್ಲಿ ಪೈಥಾನ್‌ನಲ್ಲಿ ಇದೇ ಕೆಲಸ ಮಾಡಿದರೆ ಆಗಾಗ ತಪ್ಪು ಓದುತ್ತದೆ. ಪೈಥಾನ್‌ನಲ್ಲಿ ಎರಡು ಸಂಖ್ಯೆ ಕೂಡುವುದಕ್ಕೂ ಟೈಪ್ ನೋಡಬೇಕು, ಆಬ್ಜೆಕ್ಟ್ ಹುಡುಕಬೇಕು, ಉತ್ತರಕ್ಕೆ ಜಾಗ ಮಾಡಬೇಕು. ಅದನ್ನಾದರೂ ಸಹಿಸಬಹುದು. ಮಧ್ಯದಲ್ಲಿ ಲಿನಕ್ಸ್ ನಿಮ್ಮ ಪ್ರೋಗ್ರಾಂ ನಿಲ್ಲಿಸಿ ಇನ್ನೊಂದಕ್ಕೆ ಸರದಿ ಕೊಟ್ಟರೆ ಬಿಟ್‌ಗಳು ಬಂದು ಹೋಗಿರುತ್ತವೆ. ಸಣ್ಣ ಚಿಪ್‌ಗಳಿಗೆ ಅಂತ ಮಾಡಿದ ಮೈಕ್ರೋಪೈಥಾನ್‌ನಲ್ಲಿ ಇದೇ ಸೆನ್ಸರ್ ಚೆನ್ನಾಗಿ ಓಡುತ್ತದಲ್ಲ ಅಂತ ಕೇಳಬಹುದು. ಓಡುತ್ತದೆ, ಬಿಟ್ ಎಣಿಸುವ ಭಾಗವನ್ನು ಅಲ್ಲಿ ಸಿಯಲ್ಲಿ ಬರೆದಿಟ್ಟಿದ್ದಾರೆ.

ಇಷ್ಟು ಹೊತ್ತು ಹೇಳಿದ್ದು ಸಣ್ಣ ಚಿಪ್‌ನ ಕಥೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಅಸೆಂಬ್ಲಿಯೂ ತಳ ಅಲ್ಲ. ನಾನು ಕೊಟ್ಟ ಅಳತೆಗೋಲು ಅಲ್ಲಿ ಅರ್ಧಕ್ಕೇ ಮುರಿಯುತ್ತದೆ. ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾದ ಎಕ್ಸ್86 ಜಾತಿಯ ಪ್ರೊಸೆಸರ್ ನೀವು ಕೊಟ್ಟ ಇನ್‌ಸ್ಟ್ರಕ್ಷನ್ ಅನ್ನು ಒಳಗೆ ಮೈಕ್ರೋ ಆಪ್ ಅನ್ನುವ ಸಣ್ಣ ತುಂಡುಗಳಾಗಿ ಮಾಡಿಕೊಳ್ಳುತ್ತದೆ. ಹೆಸರಿಗೆ 16 ಸಾಮಾನ್ಯ ರಿಜಿಸ್ಟರ್, ಒಳಗೆ ನೂರಕ್ಕೂ ಜಾಸ್ತಿ. ನಾಲ್ಕನೇ ಸಾಲಿಗೆ ಬೇಕಾದ್ದು ಸಿದ್ಧ ಇದ್ದರೆ ಮೂರನೆಯದಕ್ಕೆ ಕಾಯದೆ ಅದನ್ನೇ ಮೊದಲು ಮಾಡಿ, ಹೊರಗೆ ಮಾತ್ರ ಸಾಲು ಪ್ರಕಾರ ನಡೆದ ಹಾಗೆ ತೋರಿಸುತ್ತದೆ. ಮೆಮೊರಿಯಿಂದ ಓದು ಅನ್ನುವ ಒಂದೇ ಇನ್‌ಸ್ಟ್ರಕ್ಷನ್, ಬೇಕಾದ್ದು ಎಲ್1 ಕ್ಯಾಶ್‌ನಲ್ಲಿದ್ದರೆ (ಪ್ರೊಸೆಸರ್ ಒಳಗಿನ ಸಣ್ಣ, ಜೋರಾದ ಮೆಮೊರಿ) ನಾಲ್ಕೈದು ಸೈಕಲ್, ರ‍್ಯಾಮ್ ತನಕ ಹೋಗಬೇಕಾದರೆ ಇನ್ನೂರರ ಆಸುಪಾಸು ಅಥವಾ ಇನ್ನೂ ಜಾಸ್ತಿ. ಎರಡೂ ಸಲ ಅಸೆಂಬ್ಲಿ ಸಾಲು ಒಂದೇ ಥರ ಕಾಣುತ್ತದೆ. ಹೀಗೆ ಮುಂದಾಗಿ ಮಾಡಿದ ಕೆಲಸದ ಗುರುತು ಕ್ಯಾಶ್‌ನಲ್ಲಿ ಉಳಿದುಬಿಡುತ್ತದೆ, ಅದನ್ನು ಅಳೆದು ಗುಟ್ಟು ಕದಿಯಬಹುದು ಅಂತ 2018ರ ಜನವರಿಯಲ್ಲಿ ಮೆಲ್ಟ್‌ಡೌನ್, ಸ್ಪೆಕ್ಟರ್ ಅನ್ನುವ ಹೆಸರಿನಲ್ಲಿ ಹೊರಬಂತು. ಕೋಡ್‌ನಲ್ಲಿ ಯಾವ ತಪ್ಪೂ ಇರಬೇಕಾಗಿಲ್ಲ.

ಸಣ್ಣ ಚಿಪ್‌ನಲ್ಲೂ ಭಾಷೆಗೆ ಕಾಣದ್ದು ಇದೆ. ಎವಿಆರ್ ಡೇಟಾಶೀಟ್ (ಚಿಪ್ ಮಾಡುವವರು ಕೊಡುವ ವಿವರ ಪುಸ್ತಕ) ಪ್ರಕಾರ 16 ಮೆಗಾಹರ್ಟ್ಸ್‌ನಲ್ಲಿ ಓಡಬೇಕಾದರೆ ಚಿಪ್‌ಗೆ ಸುಮಾರು 3.8 ವೋಲ್ಟ್ ಆದರೂ ಬೇಕು. ಉನೊ ಬೋರ್ಡ್ ಬರುವಾಗ ಬ್ರೌನ್-ಔಟ್ ಮಿತಿ ಇರೋದು 2.7 ವೋಲ್ಟ್‌ಗೆ. ಅದಕ್ಕಿಂತ ಕೆಳಗೆ ಹೋದರೆ ಚಿಪ್ ತನ್ನನ್ನು ರೀಸೆಟ್‌ನಲ್ಲಿ ಹಿಡಿದಿಡುತ್ತದೆ. ಈ ಎರಡರ ನಡುವೆ ವೋಲ್ಟೇಜ್ ಒದ್ದಾಡುತ್ತಿದ್ದರೆ ಚಿಪ್ ಓಡುತ್ತಲೇ ಇರುತ್ತದೆ, ಸರಿಯಾಗಿ ಓಡುತ್ತದೆ ಅನ್ನೋ ಖಾತ್ರಿ ಇಲ್ಲ. ಕೂಡಿಸಿದ್ದು ತಪ್ಪಬಹುದು, ಈಈಪ್ರಾಮ್‌ನಲ್ಲಿ (ಕರೆಂಟ್ ಹೋದರೂ ಉಳಿಯುವ ಇನ್ನೊಂದು ಮೆಮೊರಿ) ಏನೋ ಬರೆದುಬಿಡಬಹುದು. ಹಳ್ಳಿ ಲೈನ್‌ನಲ್ಲಿ, ಅದರಲ್ಲೂ ಮೋಟರ್ ಎಳೆದುಕೊಳ್ಳುವ ಕ್ಷಣದಲ್ಲಿ, ಇದು ಬರೀ ಪುಸ್ತಕದ ಮಾತಲ್ಲ. ಚಿಪ್‌ನ ಸೆಟ್ಟಿಂಗ್ ಇಟ್ಟುಕೊಂಡಿರುವ ಫ್ಯೂಸ್ ಬಿಟ್ ಬದಲಾಯಿಸಿ ಈ ಮಿತಿಯನ್ನು 4.3 ವೋಲ್ಟ್‌ಗೆ ಏರಿಸಬಹುದು. ಪ್ರೋಗ್ರಾಂ ಒಳಗಿಂದ ಆಗುವುದಿಲ್ಲ, ಹೊರಗಿನಿಂದ ಚಿಪ್‌ಗೆ ಬರೆಯುವ ಸಾಧನ, ಐಎಸ್‌ಪಿ ಪ್ರೋಗ್ರಾಮರ್, ಬೇಕು. ಅದರ ಜೊತೆಗೆ ಒಳ್ಳೆಯ ಪವರ್ ಸಪ್ಲೈ ಹಾಕಿ. ಜಿಎಸ್‌ಎಂ ಮಾಡ್ಯೂಲ್ ಸಿಗ್ನಲ್ ಕಳಿಸುವಾಗ ಜೋರಾಗಿ ಕರೆಂಟ್ ಎಳೆಯುತ್ತದೆ, ಅದನ್ನು ಉನೊದ 5 ವೋಲ್ಟ್ ಪಿನ್‌ನಿಂದ ಕೊಡಲೇಬೇಡಿ.

ಇನ್ನು 8085, 8051 ಕಲಿಯಬೇಕಾ? ಪರೀಕ್ಷೆ ಇದೆ, ಕಲಿಯಲೇಬೇಕು ಬಿಡಿ. ಆದರೆ ಆಪ್‌ಕೋಡ್ ಟೇಬಲ್ (ಯಾವ ಇನ್‌ಸ್ಟ್ರಕ್ಷನ್‌ಗೆ ಯಾವ ಸಂಖ್ಯೆ ಅನ್ನುವ ಪಟ್ಟಿ) ಬಾಯಿಪಾಠ ಮಾಡೋದು ವ್ಯರ್ಥ ಅಂತಲೇ ನನ್ನ ಅಭಿಪ್ರಾಯ. ಯಾರೂ ಅದನ್ನು ನೆನಪಿನಿಂದ ಬರೆಯುವುದಿಲ್ಲ. 8085 ಕಿಟ್‌ನಲ್ಲಿ ಕೀ ಒತ್ತಿ ಒತ್ತಿ ಬೈಟ್ ತುಂಬಿಸೋದು ಬೇಜಾರಿನ ಕೆಲಸ ಹೌದು, ಆದರೆ ಪ್ರೋಗ್ರಾಂ ಅಂದರೆ ಮೆಮೊರಿಯಲ್ಲಿರುವ ಸಂಖ್ಯೆಗಳು ಅಂತ ಕೈಗೇ ಗೊತ್ತಾಗುವ ಜಾಗ ಅದು, ಒಂದೆರಡು ಸಲ ಮಾಡಿ. ಟೈಮಿಂಗ್ ಡಯಾಗ್ರಂ (ಯಾವ ತಂತಿ ಯಾವಾಗ ಏರಿ ಇಳಿಯುತ್ತದೆ ಅನ್ನುವ ಚಿತ್ರ) ಮಾತ್ರ ನಿರ್ಲಕ್ಷಿಸಬೇಡಿ, ಎಲ್ಲರೂ ಬಿಟ್ಟು ಹೋಗುವ ಪಾಠ, ನಿಜಕ್ಕೂ ಉಪಯೋಗ ಇರೋದು ಅದರಲ್ಲೇ.

ಮನೆಯಲ್ಲಿ ಮಾಡೋಕೆ ಬೇರೆ ಕೆಲಸ ಇದೆ. ನಿಮ್ಮ ಪಂಪ್ ಕೋಡ್ ಕಂಪೈಲ್ ಮಾಡಿ, ಬಂದ ಫೈಲ್ ಅನ್ನು ಎವಿಆರ್-ಆಬ್ಜ್‌ಡಂಪ್ ಅನ್ನುವ ಟೂಲ್‌ಗೆ ಕೊಡಿ, ಆರ್ಡುಯಿನೊ ಜೊತೆಗೇ ಬಂದಿರುತ್ತದೆ. ನೀವು ಬರೆದ ಸಾಲುಗಳ ಅಸೆಂಬ್ಲಿ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಡಿಜಿಟಲ್‌ರೈಟ್ ಅನ್ನು ನೇರ ಪೋರ್ಟ್‌ಬಿ ಸಾಲಿಗೆ ಬದಲಾಯಿಸಿ ಮತ್ತೆ ನೋಡಿ. ವೋಲಟೈಲ್ ತೆಗೆದು ನೋಡಿ, ಹಾಕಿ ನೋಡಿ. ಪಕ್ಕದಲ್ಲಿ ಡೇಟಾಶೀಟ್ ತೆರೆದಿಟ್ಟುಕೊಳ್ಳಿ. ನೂರಾರು ಪುಟ ಇದೆ, ಹೆದರಬೇಡಿ, ಮೊದಲು ಐ/ಓ ಪೋರ್ಟ್ ಅಧ್ಯಾಯದ ಒಂದು ಚಿತ್ರ ಸಾಕು, ಮೇಲೆ ಹೇಳಿದ ಎರಡು ಫ್ಲಿಪ್-ಫ್ಲಾಪ್, ಪುಲ್-ಅಪ್ ಎಲ್ಲ ಅದೇ ಚಿತ್ರದಲ್ಲಿವೆ.

ಇದು ರುಚಿಸಿದರೆ ಮುಂದಿನದು ರಿಸ್ಕ್-ಫೈವ್. 2010ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಶುರುವಾದ ಇನ್‌ಸ್ಟ್ರಕ್ಷನ್ ಸೆಟ್, ಯಾರು ಬೇಕಾದರೂ ಬಳಸಬಹುದು, ಲೈಸೆನ್ಸ್ ಹಣ ಕೊಡಬೇಕಾಗಿಲ್ಲ. 32 ಬಿಟ್‌ನ ಮೂಲ ಸೆಟ್‌ನಲ್ಲಿ ಇರೋದು ಸುಮಾರು 40 ಇನ್‌ಸ್ಟ್ರಕ್ಷನ್. ನಮ್ಮಲ್ಲೇ ಐಐಟಿ ಮದ್ರಾಸ್‌ನ ಶಕ್ತಿ, ಸಿ-ಡ್ಯಾಕ್‌ನ ವೇಗ ಪ್ರೊಸೆಸರ್‌ಗಳು ಇದನ್ನೇ ಓಡಿಸುತ್ತವೆ. ರಸ್ಟ್ ಭಾಷೆಯ ಬಗ್ಗೆ ಯಾರಾದರೂ ತಲೆ ತಿಂದರೆ, ಒಳ್ಳೆಯ ಭಾಷೆಯೇ, 2022ರ ಡಿಸೆಂಬರ್‌ನಲ್ಲಿ ಲಿನಕ್ಸ್ 6.1ರ ಜೊತೆ ಕರ್ನಲ್ ಒಳಗೂ ಬಂತು, ಆದರೆ ನೀವು ಮೊದಲು ಸಿಯಲ್ಲಿ ಕೈ ಸುಟ್ಟುಕೊಂಡರೆ ಅದು ಯಾಕೆ ಅಷ್ಟು ಕಟ್ಟುನಿಟ್ಟು ಅಂತ ತಾನಾಗಿಯೇ ಗೊತ್ತಾಗುತ್ತದೆ. ಸದ್ಯಕ್ಕೆ ಹೊಸ ಬೋರ್ಡ್ ತರಿಸಬೇಡಿ, ಇರುವ ಉನೊದಲ್ಲೇ ಒಂದು ಸೆಮಿಸ್ಟರ್‌ಗೆ ಆಗುವಷ್ಟು ಕೆಲಸ ಇದೆ.